ಮಸೂರದ ಮುಂದೊಂದು ಮಸೂರ

(ಸುವರ್ಣ ಮಹೋತ್ಸವದ ಮುನ್ನಾದಿನ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು" ಅಂದರು. ಕಂಪ್ಯೂಟರ್ ಬಗ್ಗೆ ಈಗಿನ ಮಕ್ಕಳೇ ನನಗೆ ಹೇಳಿಕೊಡಬಲ್ಲರು. ಹಾಗಾಗಿ ನನ್ನ ಹವ್ಯಾಸವಾದ ಫೋಟೋ ತೆಗೆಯುವುದರ ಬಗ್ಗೆ, ಅದರಲ್ಲೂ ಒಂದು ಚಿಕ್ಕ ಸಾಮಾನಿನ ಬಗ್ಗೆ ಮಾತಾಡುತ್ತೇನೆ. ಕ್ಯಾಮೆರಾ ಲೆನ್ಸಿನ ಮೂತಿಗೆ ತಿರುಗಿಸಿ ಕೂರಿಸುವ ಅಡಾಪ್ಟರ್ ಅದು. ಇಷ್ಟು ದೊಡ್ಡ ಸಮಾರಂಭದಲ್ಲಿ ಇಷ್ಟು ಸಣ್ಣ ವಿಷಯವೇ ಎಂದು ಅನ್ನಿಸಬಹುದು. ಇದೇ ಶಾಲೆಯ ಅಂಗಳದಲ್ಲಿ, ಇದೇ ಸಾಮಾನಿನಿಂದ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ನಿಮ್ಮೆದುರೇ ಹೇಳಬೇಕು ಎಂದು ಬಹಳ ದಿನದಿಂದ ಇತ್ತು.

ಮೊದಲು ಆ ವಸ್ತು ಏನು ಎಂಬುದನ್ನು ಹೇಳುತ್ತೇನೆ. ದೊಡ್ಡ ಕ್ಯಾಮೆರಾದ ಲೆನ್ಸಿನ ತುದಿಯನ್ನು ಬೆರಳಿನಿಂದ ಸವರಿದರೆ ಒಳಗಡೆ ಸಣ್ಣ ತಿರುಪಿನ ಗೆರೆಗಳು ಸಿಗುತ್ತವೆ, ಬಾಟಲಿಯ ಬಾಯಿಗೆ ಇರುವ ಹಾಗೆ. ಆ ಬಾಯಿಯ ಅಗಲ ಒಂದೊಂದು ಲೆನ್ಸಿಗೆ ಒಂದೊಂದು: 49, 52, 58, 67, 77 ಮಿಲಿಮೀಟರ್, ಹೀಗೆ. ಅದಕ್ಕೆ ಹೊಂದುವ ಇನ್ನೊಂದು ಗಾಜನ್ನು ಮುಚ್ಚಳದ ಹಾಗೆ ತಿರುಗಿಸಿ ಕೂರಿಸಬಹುದು. ಹೆಚ್ಚು ಅಗಲ ಕಾಣಬೇಕೆಂದರೆ ವೈಡ್ ಅಡಾಪ್ಟರ್. ದೂರದ್ದು ಹತ್ತಿರ ಕಾಣಬೇಕೆಂದರೆ ಟೆಲಿ ಅಡಾಪ್ಟರ್. ಇರುವೆ, ಕಪ್ಪೆ ದೊಡ್ಡದಾಗಿ ಕಾಣಬೇಕೆಂದರೆ ಕ್ಲೋಸ್‌ಅಪ್ ಲೆನ್ಸ್. ಈಗ ಮೊಬೈಲಿಗೆ ಬಟ್ಟೆ ಕ್ಲಿಪ್ಪಿನ ಹಾಗೆ ಸಿಕ್ಕಿಸುವ ಪುಟ್ಟ ಲೆನ್ಸುಗಳು ಬಂದಿವೆಯಲ್ಲ, ಅವೂ ಇದೇ ಜಾತಿ.

ನಮ್ಮ ಕಡೆಯವರಿಗೆ ಇದರ ಆಸೆ ಹುಟ್ಟುವುದಕ್ಕೆ ಕಾರಣ ಬೇಕಾದಷ್ಟಿದೆ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ಗಾದೆ ಕೇಳಿದ್ದೀರಿ. ಆ ಯಾಣಕ್ಕೆ ಹೋಗಿ ಭೈರವೇಶ್ವರ ಶಿಖರದ ಬುಡದಲ್ಲಿ ನಿಂತರೆ, ಸುಮಾರು 120 ಮೀಟರ್ ಎತ್ತರದ ಬಂಡೆ ಯಾವ ಕ್ಯಾಮೆರಾದ ಚೌಕಟ್ಟಿಗೂ ಹಿಡಿಸುವುದಿಲ್ಲ. ಹಿಂದೆ ಸರಿಯೋಣ ಎಂದರೆ ಕಾಡು. ಆಗ ವೈಡ್ ಅಡಾಪ್ಟರ್ ನೆನಪಾಗುತ್ತದೆ. ಇತ್ತ 2011ರಲ್ಲಿ ಸರಕಾರ ಸಿಂಗಳೀಕಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಅಘನಾಶಿನಿ ಕಣಿವೆಯ ಕಾಡಿದೆ. ಸಿಂಗಳೀಕ ಮರದ ತುದಿ ಬಿಟ್ಟು ಇಳಿಯುವುದು ಅಪರೂಪ. ಆಗ ಟೆಲಿ ಅಡಾಪ್ಟರ್ ಬೇಕೆನಿಸುತ್ತದೆ. ನಿಜವಾದ ದೊಡ್ಡ ಲೆನ್ಸಿನ ಬೆಲೆ ಕೇಳಿದರೆ ಒಂದು ಹಾಲು ಕೊಡುವ ಎಮ್ಮೆಯ ಬೆಲೆಗಿಂತ ಹೆಚ್ಚು. ಅಡಾಪ್ಟರಿಗೆ ಒಂದೆರಡು ಸಾವಿರ. ಯಾರಿಗೆ ಆಸೆಯಾಗುವುದಿಲ್ಲ?

ನನಗೂ ಆಯಿತು. ಕೆಲಸಕ್ಕೆ ಸೇರಿದ ಹೊಸತು. ಮೊದಲ ವರ್ಷದ ಸಂಬಳದಲ್ಲಿ ಉಳಿಸಿ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ತೆಗೆದುಕೊಂಡಿದ್ದೆ. ಅದರ ಜೊತೆಗೇ ಬರುವ 18-55 ಮಿ.ಮೀ. ಲೆನ್ಸ್. ಮೇಲೆ ಸಾವಿರದ ಚಿಲ್ಲರೆ ಕೊಟ್ಟು 0.45 ಎಂದು ಬರೆದಿದ್ದ ವೈಡ್ ಅಡಾಪ್ಟರ್. 18 ಮಿ.ಮೀ. ಲೆನ್ಸ್ ಅದನ್ನು ಹಾಕಿದರೆ 8 ಮಿ.ಮೀ. ಆಗುತ್ತದೆ ಎಂಬ ಲೆಕ್ಕ. ಅದೇ ಸಮಯಕ್ಕೆ ನಮ್ಮ ಶಾಲೆಯಲ್ಲಿ ಮಾಸ್ತರರೊಬ್ಬರ ಬೀಳ್ಕೊಡುಗೆ. ಗುಂಪು ಫೋಟೋ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು.

ಅಂದು ಸಾಲು ಉದ್ದವಾಯಿತು. ನಡುವೆ ಕುರ್ಚಿಯಲ್ಲಿ ಮಾಸ್ತರರು, ಅಕ್ಕೋರು, ಊರಿನ ಪ್ರಮುಖರು. ಹಿಂದೆ ನಾವು ಹಳೆ ವಿದ್ಯಾರ್ಥಿಗಳು. ಬಲತುದಿಯಲ್ಲಿ ಬಿಸಿಯೂಟ ಬಡಿಸುವ ಅಕ್ಕ. ಎಡತುದಿಯಲ್ಲಿ ಗಂಟೆಯಣ್ಣ. ನಮ್ಮ ಕಾಲದ ಎಲ್ಲರಿಗೂ ಗಂಟೆಯಣ್ಣ ಗೊತ್ತು. ಗಂಟೆ ಹೊಡೆಯುವುದು, ಬೀಗ ತೆಗೆಯುವುದು, ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ಶಿರಸಿ ರಸ್ತೆ ಬಂದಾದ ದಿನ ಆಚೆ ಕಡೆಯ ಮಕ್ಕಳನ್ನು ಮನೆ ಮುಟ್ಟಿಸುವುದು, ಎಲ್ಲ ಅವರದ್ದೇ. "ನಡುವೆ ಬನ್ನಿ" ಎಂದು ಯಾರೋ ಕರೆದರು. "ಇಲ್ಲೇ ಸಾಕು ಮಾರಾಯಾ" ಎಂದು ತುದಿಯಲ್ಲೇ ನಿಂತರು.

ನಾನು ಹಿಂದೆ ಹಿಂದೆ ಹೋದೆ. ಬೆನ್ನಿಗೆ ಪಾಗಾರ ತಾಗಿತು. ಸಾಲಿನ ಎರಡೂ ತುದಿ ಹೊರಗೇ ಉಳಿದವು. ಪಾಗಾರ ಸೊಂಟದೆತ್ತರ. ಹತ್ತಿ ಆಚೆಗಿಳಿದು ಗದ್ದೆಯ ಬದುವಿನ ಮೇಲೆ ಆರು ಹೆಜ್ಜೆ ಹೋಗಿದ್ದರೆ ಸಾಕಿತ್ತು. ಆದರೆ ಚೀಲದಲ್ಲಿ ಅಡಾಪ್ಟರ್ ಇತ್ತು. ತಿರುಗಿಸಿ ಹಾಕಿದೆ. ಎಲ್ಲರೂ ಚೌಕಟ್ಟಿನೊಳಗೆ ಬಂದರು. ಮೂರು ಇಂಚಿನ ಪರದೆಯಲ್ಲಿ ನೋಡಿದೆ, ಚೆನ್ನಾಗಿ ಕಂಡಿತು. "ಆಯ್ತು" ಅಂದೆ. ಎಲ್ಲರೂ ಊಟಕ್ಕೆ ಹೋದರು.

ಈಗ ಆ ಗಾಜಿನೊಳಗೆ ಏನು ನಡೆಯಿತು ಎಂಬುದನ್ನು ನೋಡೋಣ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನ ಕೊಡಿ, ಇದು ನಿಮ್ಮ ಹತ್ತನೆಯ ತರಗತಿಯ ಪಾಠವೇ.

ವೈಡ್ ಅಡಾಪ್ಟರ್ ಎಂದರೆ ತಲೆಕೆಳಗಾದ ದುರ್ಬೀನು. 1609ರಲ್ಲಿ ಗೆಲಿಲಿಯೋ ಆಕಾಶಕ್ಕೆ ಹಿಡಿದ ದುರ್ಬೀನಿನಲ್ಲಿ ಮುಂದೆ ಪೀನ ಮಸೂರ, ಕಣ್ಣಿನ ಕಡೆ ನಿಮ್ನ ಮಸೂರ ಇತ್ತು. ಟೆಲಿ ಅಡಾಪ್ಟರ್ ಹೆಚ್ಚುಕಡಿಮೆ ಅದೇ. ಅದನ್ನೇ ತಿರುಗಿಸಿ ಹಿಡಿದರೆ ಎಲ್ಲವೂ ಚಿಕ್ಕದಾಗಿ, ದೂರದಲ್ಲಿ, ಹೆಚ್ಚು ಅಗಲವಾಗಿ ಕಾಣುತ್ತದೆ. ಜಾತ್ರೆಯಲ್ಲಿ ಕೊಂಡ ದುರ್ಬೀನನ್ನು ಉಲ್ಟಾ ಹಿಡಿದು ನೋಡದ ಹುಡುಗ ಯಾರಿದ್ದಾನೆ? ವೈಡ್ ಅಡಾಪ್ಟರ್ ಮಾಡುವುದು ಅಷ್ಟೇ.

ತೊಂದರೆ ಎಲ್ಲಿ ಬರುತ್ತದೆ? ಕ್ಯಾಮೆರಾದ ಲೆನ್ಸಿನೊಳಗೆ ಒಂದೇ ಗಾಜು ಇರುವುದಿಲ್ಲ, ಹತ್ತು ಹನ್ನೆರಡು ಇರಬಹುದು. ಒಂದು ಗಾಜು ಮಾಡುವ ದೋಷವನ್ನು ಇನ್ನೊಂದು ಸರಿಪಡಿಸುವ ಹಾಗೆ ಲೆಕ್ಕ ಹಾಕಿ ಜೋಡಿಸಿರುತ್ತಾರೆ. ಆಟದ ಹಿಮ್ಮೇಳದ ಹಾಗೆ. ಭಾಗವತರ ಶ್ರುತಿಗೆ ಮದ್ದಳೆ ಹೊಂದಿಸಿ, ಚಂಡೆ ಅದಕ್ಕೆ ಕೂಡಿಕೊಂಡು ಪ್ರಸಂಗ ನಡೆಯುತ್ತಿರುವಾಗ, ಶ್ರುತಿ ಮಾಡದ ಇನ್ನೊಂದು ಮದ್ದಳೆ ತಂದು ಮುಂದೆ ಕೂರಿಸಿದರೆ ಏನಾಗುತ್ತದೆ? ಅಡಾಪ್ಟರಿನ ಗಾಜನ್ನು ಈ ಲೆನ್ಸಿಗೆಂದು ಯಾರೂ ಲೆಕ್ಕ ಹಾಕಿ ಮಾಡಿರುವುದಿಲ್ಲ. ತಿರುಪಿನ ಅಳತೆ ಒಂದೇ ಎಂಬ ಕಾರಣಕ್ಕೆ ಅವೆರಡೂ ಸೇರಿವೆ, ಅಷ್ಟೇ.

ಆ ಅಪಶ್ರುತಿ ಚಿತ್ರದಲ್ಲಿ ನಾಲ್ಕು ಬಗೆಯಾಗಿ ಕಾಣುತ್ತದೆ.

ಒಂದು, ಬಣ್ಣ. ಪಟ್ಟಕದಲ್ಲಿ ಬಿಳಿ ಬೆಳಕು ಏಳು ಬಣ್ಣವಾಗಿ ಒಡೆಯುವುದನ್ನು ಪ್ರಯೋಗಾಲಯದಲ್ಲಿ ನೋಡಿದ್ದೀರಿ. ಗಾಜು ನೀಲಿಯನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ. ಮಸೂರದ ಅಂಚೂ ಒಂದು ಪಟ್ಟಕವೇ. ಹಾಗಾಗಿ ಚಿತ್ರದ ಅಂಚಿನಲ್ಲಿ ನೀಲಿ, ಹಸಿರು, ಕೆಂಪು ಪ್ರತಿಬಿಂಬಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಬಿಳಿ ಅಂಗಿಯ ಒಂದು ಮಗ್ಗುಲಿಗೆ ನೇರಳೆ, ಇನ್ನೊಂದು ಮಗ್ಗುಲಿಗೆ ಹಸಿರು ಗೆರೆ ಕಾಣುತ್ತದೆ. ಇದಕ್ಕೆ ಪರಿಹಾರ ಬಹಳ ಹಿಂದೆಯೇ ಸಿಕ್ಕಿದೆ. ಎರಡು ಜಾತಿಯ ಗಾಜಿನ ಒಂದು ಪೀನ, ಒಂದು ನಿಮ್ನ ಮಸೂರವನ್ನು ಸೇರಿಸಿದರೆ ಒಂದರ ಬಣ್ಣದ ದೋಷವನ್ನು ಇನ್ನೊಂದು ಬಹುಪಾಲು ಅಳಿಸುತ್ತದೆ. 1758ರಲ್ಲೇ ಇಂಗ್ಲೆಂಡಿನ ಜಾನ್ ಡಾಲಂಡ್ ಇದಕ್ಕೆ ಪೇಟೆಂಟ್ ಪಡೆದಿದ್ದ. ಅಗ್ಗದ ಅಡಾಪ್ಟರಿನಲ್ಲಿ ಆ ಎರಡನೆಯ ಗಾಜಿನ ಖರ್ಚನ್ನೇ ಉಳಿಸಿರುತ್ತಾರೆ.

ಎರಡು, ಮಸುಕು ಮತ್ತು ಸೊಟ್ಟ. ನಡುವಿನಿಂದ ನೇರ ಬರುವ ಬೆಳಕಿಗೆ ತೊಂದರೆ ಕಡಿಮೆ. ಅಂಚಿನಿಂದ ಓರೆಯಾಗಿ ಬರುವ ಬೆಳಕು ಒಂದು ಚುಕ್ಕೆಯಾಗಿ ಕೂಡುವುದಿಲ್ಲ, ಎಳೆದ ಹಾಗೆ ಹರಡುತ್ತದೆ. ನೇರವಾದ ಕಂಬ ಪೀಪಾಯಿಯ ಹೊಟ್ಟೆಯ ಹಾಗೆ ಹೊರಕ್ಕೆ ಬಾಗುತ್ತದೆ.

ಮೂರು, ಕಪ್ಪು ಮೂಲೆ. ಅಡಾಪ್ಟರಿನ ಲೋಹದ ಬಳೆಯೇ ಚೌಕಟ್ಟಿನೊಳಗೆ ಬಂದು ನಾಲ್ಕು ಮೂಲೆ ಕತ್ತಲಾಗುತ್ತವೆ. ಅದು ಹೋಗಲೆಂದು ಸ್ವಲ್ಪ ಝೂಮ್ ಮಾಡಬೇಕು. ಆಗ ಅಗಲ ಎಂದು ಸಿಕ್ಕಿದ್ದರಲ್ಲಿ ಒಂದಷ್ಟು ಮತ್ತೆ ಕೈಬಿಟ್ಟಿತು.

ನಾಲ್ಕು, ಮಬ್ಬು. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ಬೆಳಕಿನ ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಎರಡು ಗಾಜಿಗೆ ನಾಲ್ಕು ಮೈ, ಅಂದರೆ ಸುಮಾರು ಶೇ. 15 ಬೆಳಕು ಹೋಯಿತು. ಹೋದ ಬೆಳಕು ಸುಮ್ಮನಿರುವುದೂ ಇಲ್ಲ. ಒಳಗೇ ಅತ್ತಿತ್ತ ಓಡಾಡಿ ಚಿತ್ರದ ಮೇಲೆ ತೆಳು ಬಿಳಿ ಪರದೆ ಎಳೆಯುತ್ತದೆ. ಒಳ್ಳೆಯ ಲೇಪನವಿದ್ದರೆ ಇದು ಶೇ. 1ಕ್ಕಿಂತ ಕೆಳಗಿಳಿಯುತ್ತದೆ. ರಾತ್ರಿ ಆಟದ ಫೋಟೋ ತೆಗೆಯುವವರು ಇದನ್ನು ಕಂಡಿರುತ್ತೀರಿ. ಲೆನ್ಸಿನ ರಕ್ಷಣೆಗೆಂದು ಹಾಕಿದ ಚಪ್ಪಟೆ ಫಿಲ್ಟರ್ ಅಗ್ಗದ್ದಾದರೆ, ರಂಗಸ್ಥಳದ ದೀಪಗಳ ಭೂತಗಳು ಚಿತ್ರದ ಎದುರು ಮೂಲೆಯಲ್ಲಿ ತಲೆಕೆಳಗಾಗಿ ತೇಲುತ್ತವೆ. ಅಂಥಲ್ಲಿ ಫಿಲ್ಟರ್ ಬಿಚ್ಚಿಡುವುದೇ ಉತ್ತಮ.

ಇವೆಲ್ಲ ಅಂದಿನ ಗುಂಪು ಫೋಟೋದಲ್ಲಿ ಇದ್ದವು. ನಡುವೆ ಕೂತ ಮಾಸ್ತರರ ಕನ್ನಡಕದ ಕಡ್ಡಿಯವರೆಗೆ ಸ್ಪಷ್ಟ. ಅದನ್ನೇ ಶಾಲೆಗೆ ಕಟ್ಟು ಹಾಕಿಸಿ ಕೊಟ್ಟೆ. ತುದಿಯನ್ನು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಮೂರು ವರ್ಷ ಕಳೆದು ಗಂಟೆಯಣ್ಣ ತೀರಿಕೊಂಡರು. ನಾನು ಊರಿಗೆ ಬಂದಾಗ ಅವರ ಮಗಳು ಮನೆಗೆ ಬಂದಳು. "ಅಣ್ಣಾ, ನೀವು ತೆಗೆದ ಫೋಟೋದಲ್ಲಿ ಅಪ್ಪ ಇದ್ರಲ್ಲ. ಅದರಿಂದ ಅಪ್ಪನದ್ದೊಂದು ಪಟ ಮಾಡಿಕೊಡ್ತೀರಾ? ಮನೆಯಲ್ಲಿ ಬೇರೆ ಯಾವುದೂ ಇಲ್ಲ" ಅಂದಳು. ಬೆಂಗಳೂರಿಗೆ ಹೋಗಿ ಮಾಡಿ ಕಳಿಸುತ್ತೇನೆ ಎಂದು ಮಾತು ಕೊಟ್ಟೆ.

ಕಂಪ್ಯೂಟರಿನಲ್ಲಿ ಎಡತುದಿಯನ್ನು ದೊಡ್ಡದು ಮಾಡಿ ನೋಡಿದಾಗ ನನಗೆ ನಾಚಿಕೆಯಾಯಿತು. ಮುಖ ಇರಲಿಲ್ಲ. ನೇರಳೆ ಅಂಚಿನ ಒಂದು ಕಂದು ಕಲೆ ಇತ್ತು. ಅಂಗಿಯ ಬಣ್ಣದಿಂದ, ನಿಂತ ಭಂಗಿಯಿಂದ ಅವರೇ ಎಂದು ಗೊತ್ತಾಗುತ್ತಿತ್ತು, ಅಷ್ಟೇ.

ಸಾಫ್ಟ್‌ವೇರ್ ನನ್ನ ಹೊಟ್ಟೆಪಾಡು. ಬಿಡಲಿಲ್ಲ. ಬಾಗಿದ ಕಂಬವನ್ನು ನೆಟ್ಟಗೆ ಮಾಡಿದೆ. ಅದು ಲೆಕ್ಕದ ಕೆಲಸ, ಆಗುತ್ತದೆ. ಕೆಂಪು, ನೀಲಿ ಪ್ರತಿಬಿಂಬಗಳನ್ನು ತುಸು ಹಿಗ್ಗಿಸಿ ಕುಗ್ಗಿಸಿ ಹಸಿರಿನ ಮೇಲೆ ಕೂರಿಸಿದೆ. ಬಣ್ಣದ ಗೆರೆ ಬಹುಪಾಲು ಹೋಯಿತು. ಕತ್ತಲಾದ ಮೂಲೆಯನ್ನು ಬೆಳಗಿಸಿದೆ. ಮಸುಕು ಮಾತ್ರ ಹೋಗಲಿಲ್ಲ. ಬಣ್ಣ ಸರಿದಿದ್ದರೆ ಮತ್ತೆ ಸರಿಸಬಹುದು. ಆದರೆ ಹುಬ್ಬಿನ ಬೆಳಕು ಕೆನ್ನೆಯ ಬೆಳಕಿನ ಜೊತೆ ಗಾಜಿನಲ್ಲೇ ಕಲಸಿಹೋಗಿದ್ದರೆ, ಯಾವುದು ಎಲ್ಲಿಯದು ಎಂದು ಬೇರ್ಪಡಿಸುವ ಮಾಹಿತಿ ಕ್ಯಾಮೆರಾಕ್ಕೆ ತಲುಪಿಯೇ ಇಲ್ಲ. ಅಂಬಲಿಗೆ ಕಲಸಿದ ಉಪ್ಪನ್ನು ಹೆಕ್ಕಿ ತೆಗೆದ ಹಾಗೆ.

ಕೆಲವು ವರ್ಷ ಬಿಟ್ಟು ಹೊಸ ತಂತ್ರಾಂಶಗಳು ಬಂದವು. ಕೃತಕ ಬುದ್ಧಿಮತ್ತೆ ಮಸುಕಾದ ಮುಖವನ್ನು ಸ್ಪಷ್ಟ ಮಾಡುತ್ತದೆ ಎಂದರು. ಹಾಕಿ ನೋಡಿದೆ. ಒಂದು ನಿಮಿಷದಲ್ಲಿ ಚೆಂದದ ಮುಖ ಬಂತು. ಕಣ್ಣು, ಮೂಗು, ಮೀಸೆಯ ಕೂದಲು ಕೂಡ ಲೆಕ್ಕ ಮಾಡಬಹುದು. ಖುಷಿಯಿಂದ ಪ್ರಿಂಟ್ ಹಾಕಿಸಿ ಊರಿಗೆ ತಂದು ಕೊಟ್ಟೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, "ಚಲೋ ಬಂದಿದೆ ಅಣ್ಣಾ. ಆದ್ರೆ ಇದು ನಮ್ಮಪ್ಪ ಅಲ್ಲ" ಅಂದಳು.

ಅವಳು ಹೇಳಿದ್ದು ಸರಿ. ಆ ತಂತ್ರಾಂಶ ಇಲ್ಲದ ಮುಖವನ್ನು ಹುಡುಕಿ ಕೊಟ್ಟಿರಲಿಲ್ಲ. ತಾನು ಕಂಡ ಲಕ್ಷಾಂತರ ಮುಖಗಳಿಂದ ಹೊಂದುವಂಥದ್ದೊಂದನ್ನು ಕಟ್ಟಿ ಕೊಟ್ಟಿತ್ತು. ಕೊನೆಗೆ ಅವರ ಮನೆಯವರು ಗುರುತಿನ ಚೀಟಿಯ ಸಣ್ಣ ಫೋಟೋವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾರೆ. ಅದೂ ಚೆನ್ನಾಗಿಲ್ಲ, ಆದರೆ ಅದು ಅವರದ್ದೇ ಮುಖ.

ಹಾಗಾದರೆ ಅಡಾಪ್ಟರ್ ಕೆಟ್ಟದ್ದೇ? ಹಾಗಲ್ಲ. ಯಾವುದಕ್ಕೆ ಯಾವುದು ಎಂಬುದು ತಿಳಿದಿರಬೇಕು. ಕ್ಲೋಸ್‌ಅಪ್ ಲೆನ್ಸನ್ನು ನಾನು ಈಗಲೂ ಬಳಸುತ್ತೇನೆ. ಅದು ಕ್ಯಾಮೆರಾದ ಚಾಳೀಸು. ಅಜ್ಜ ಪೇಪರ್ ಓದಲು ಹಾಕುವ ಎರಡು ಡಯಾಪ್ಟರಿನ ಗಾಜಿಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಒಂದು ಮೀಟರನ್ನು ಡಯಾಪ್ಟರಿನಿಂದ ಭಾಗಿಸಿ. ಎರಡು ಡಯಾಪ್ಟರಿಗೆ 50 ಸೆಂ.ಮೀ., ನಾಲ್ಕಕ್ಕೆ 25, ಎಂಟಕ್ಕೆ 12.5. ಲೆನ್ಸನ್ನು ದೂರಕ್ಕೆ ಫೋಕಸ್ ಮಾಡಿ ಇಟ್ಟಾಗ, ಇಷ್ಟು ದೂರದಲ್ಲಿರುವ ವಸ್ತು ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಗಾಜಿನ ಅಗ್ಗದ್ದು ಬೇಡ. ಕ್ಯಾನನ್ 500ಡಿ ಎಂಬ ಎರಡು ಡಯಾಪ್ಟರಿನದ್ದು, ರೇನಾಕ್ಸ್ ಡಿಸಿಆರ್-250 ಎಂಬ ಎಂಟು ಡಯಾಪ್ಟರಿನದ್ದು ಬಣ್ಣದ ದೋಷ ಕಳೆದು ಮಾಡಿದವು. ಅಪರ್ಚರನ್ನು ಎಫ್/8, ಎಫ್/11ಕ್ಕೆ ಕಿರಿದು ಮಾಡಿದರೆ ಚಿತ್ರ ಇನ್ನೂ ಚೊಕ್ಕವಾಗುತ್ತದೆ. ಹುಳುವೋ ಕಪ್ಪೆಯೋ ನಡುವೆಯೇ ಇರುವುದರಿಂದ ಅಂಚು ಮಸುಕಾದರೂ ನಷ್ಟವಿಲ್ಲ. 2014ರಲ್ಲಿ ವಿಜ್ಞಾನಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ನಮ್ಮ ಜಿಲ್ಲೆಯ ಕಾಡಿನಿಂದ ಲೋಕಕ್ಕೆ ಪರಿಚಯಿಸಿದ, ಮೊಟ್ಟೆಗೆ ಕೆಸರು ಮೆತ್ತುವ ಕುಂಬಾರ ಕಪ್ಪೆಯ ವಿಷಯ ಕೇಳಿದ್ದೀರಿ. ಅಂಥ ಜೀವಿಗಳಿರುವ ಊರಿನ ಮಕ್ಕಳು ನೀವು. ಮೊಬೈಲಿನ ಮುಂದೆ ಪ್ರಯೋಗಾಲಯದ ಭೂತಗನ್ನಡಿ ಹಿಡಿದು ಶುರು ಮಾಡಿದರೂ ಸಾಕು.

ಟೆಲಿ ಅಡಾಪ್ಟರಿನ ವಿಷಯಕ್ಕೆ ನಾನೊಂದು ಪರೀಕ್ಷೆ ಮಾಡಿದ್ದೇನೆ, ನೀವೂ ಮಾಡಬಹುದು. ಕನ್ನಡ ಪತ್ರಿಕೆಯ ಪುಟವೊಂದನ್ನು ಗೋಡೆಗೆ ಅಂಟಿಸಿ. ಕ್ಯಾಮೆರಾವನ್ನು ಅಲುಗದಂತೆ ಸ್ಟ್ಯಾಂಡಿನ ಮೇಲಿಡಿ, ಏಕೆಂದರೆ ಎರಡು ಪಟ್ಟು ಹತ್ತಿರ ತಂದರೆ ಕೈ ನಡುಕವೂ ಎರಡು ಪಟ್ಟು ಕಾಣುತ್ತದೆ. ಒಮ್ಮೆ ಅಡಾಪ್ಟರ್ ಹಾಕಿ, ಒಮ್ಮೆ ಹಾಕದೆ ಫೋಟೋ ತೆಗೆಯಿರಿ. ಹಾಕದ್ದನ್ನು ಕಂಪ್ಯೂಟರಿನಲ್ಲಿ ಅಷ್ಟೇ ಗಾತ್ರಕ್ಕೆ ಕತ್ತರಿಸಿ ದೊಡ್ಡದು ಮಾಡಿ. ಪುಟದ ಅಂಚಿನ ಒತ್ತಕ್ಷರ ಯಾವುದರಲ್ಲಿ ಓದಲು ಬರುತ್ತದೆ ನೋಡಿ. ಕತ್ತರಿಸಿದರೆ ಚುಕ್ಕೆಗಳು ನಾಲ್ಕನೆಯ ಒಂದು ಭಾಗ ಮಾತ್ರ ಉಳಿಯುತ್ತವೆ. ಆದರೂ ನನ್ನ ಅಗ್ಗದ ಅಡಾಪ್ಟರಿಗಿಂತ ಕತ್ತರಿಸಿದ ಚಿತ್ರವೇ ಗೆದ್ದಿತು. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಈ ಪರೀಕ್ಷೆ ಮಾಡಿ.

ಇನ್ನೊಂದು ಮಾತು, ನಮ್ಮ ಮಳೆಗೆ. ಅಡಾಪ್ಟರ್, ಫಿಲ್ಟರುಗಳನ್ನು ಲೆನ್ಸಿಗೆ ತಿರುಗಿಸಿಯೇ ಮಳೆಗಾಲ ಕಳೆಯಬೇಡಿ. ನಡುವೆ ಸೇರಿದ ತೇವಕ್ಕೆ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ, ತಿರುಪು ಕಚ್ಚಿಕೊಂಡು ಬಿಚ್ಚಲೂ ಬರುವುದಿಲ್ಲ. ಬಿಚ್ಚಿ, ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಗುಂಪು ಫೋಟೋಕ್ಕೆ ಮಾತ್ರ ವೈಡ್ ಅಡಾಪ್ಟರ್ ಬೇಡವೇ ಬೇಡ. ಸಾದಾ 18 ಮಿ.ಮೀ. ಲೆನ್ಸ್ ಹತ್ತು ಮೀಟರ್ ದೂರದಿಂದ ಸುಮಾರು ಹನ್ನೆರಡು ಮೀಟರ್ ಅಗಲ ಹಿಡಿಯುತ್ತದೆ. ಅಂದು ನಮ್ಮ ಸಾಲು ಅಷ್ಟೇ ಇತ್ತು. ನಾನು ನಿಂತಿದ್ದು ಆರು ಮೀಟರಿನಲ್ಲಿ. ಆ ಲೆಕ್ಕ ಅಂದೂ ನನಗೆ ಬರುತ್ತಿತ್ತು, ಪಾಗಾರ ಹತ್ತುವ ಮನಸ್ಸು ಬರಲಿಲ್ಲ. ಹತ್ತಿದ್ದರೂ, ಹನ್ನೆರಡು ಮೀಟರಿನ ಸಾಲಿನಲ್ಲಿ ಒಂದು ಮುಖದ ಅಗಲಕ್ಕೆ ನನ್ನ ಕ್ಯಾಮೆರಾ ಕೊಡುತ್ತಿದ್ದುದು ಅರವತ್ತು ಎಪ್ಪತ್ತು ಚುಕ್ಕೆ. ಗೋಡೆಯ ದೊಡ್ಡ ಪಟಕ್ಕೆ ಅದು ಸಾಲದು. ಆದರೆ ಮಗಳು ನೋಡಿ "ಹೌದು, ಅಪ್ಪ" ಎನ್ನುವಷ್ಟಾಗುತ್ತಿತ್ತು.

ನಾಳೆ ಬೆಳಿಗ್ಗೆ ಸುವರ್ಣ ಮಹೋತ್ಸವದ ಗುಂಪು ಫೋಟೋ ಇದೆ. ಸಮಿತಿಯವರು ಮತ್ತೆ ನನಗೇ ವಹಿಸಿದ್ದಾರೆ. ಅದು ನಿಮ್ಮ ದೊಡ್ಡತನ. ನನ್ನ ವಿನಂತಿ ಮೂರು.

ಮೊದಲನೆಯದು, ಒಂದೇ ಉದ್ದ ಸಾಲು ಬೇಡ. ಮೆಟ್ಟಿಲ ಮೇಲೆ ನಾಲ್ಕು ಸಾಲಾಗಿ ಒತ್ತಾಗಿ ನಿಲ್ಲೋಣ. ನಾನು ಪಾಗಾರದ ಆಚೆ ಬೆಂಚು ಹಾಕಿಕೊಂಡು ನಿಲ್ಲುತ್ತೇನೆ. ಅಡಾಪ್ಟರ್ ಬೆಂಗಳೂರಿನ ಮನೆಯಲ್ಲೇ ಇದೆ, ತಂದಿಲ್ಲ.

ಎರಡನೆಯದು, ಅಡುಗೆ ಮಾಡುವ ಅಕ್ಕಂದಿರು, ಗಂಟೆ ಹೊಡೆದವರು, ಅಂಗಳ ಗುಡಿಸಿದವರು, ಈ ಐವತ್ತು ವರ್ಷದಲ್ಲಿ ತುದಿಯಲ್ಲಿ ನಿಂತವರು ಯಾರ್ಯಾರು ಬಂದಿದ್ದಾರೋ ಅವರೆಲ್ಲ ನಾಳೆ ನಡುವಿನ ಕುರ್ಚಿಯಲ್ಲಿ, ಮುಖ್ಯೋಪಾಧ್ಯಾಯರ ಪಕ್ಕ ಕೂರಬೇಕು. "ಇಲ್ಲೇ ಸಾಕು" ಎಂದರೆ ಒಪ್ಪಬೇಡಿ, ಕೈಹಿಡಿದು ಕರೆತನ್ನಿ. ಫೋಟೋದ ಕೆಳಗೆ ಅವರ ಹೆಸರೂ ಅಚ್ಚಾಗಲಿ.

ಮೂರನೆಯದು, ಗುಂಪು ಫೋಟೋ ಮುಗಿದ ಮೇಲೆ ಜಗಲಿಯ ಬೆಳಕಿನಲ್ಲಿ ಒಂದು ಕುರ್ಚಿ ಇಟ್ಟಿರುತ್ತೇನೆ. ಬಂದ ಹಿರಿಯರೆಲ್ಲ ಒಬ್ಬೊಬ್ಬರಾಗಿ ಬಂದು ಎರಡು ನಿಮಿಷ ಕೂರಬೇಕು. ಸಾದಾ ಲೆನ್ಸ್, ಮುಂದೆ ಬೇರೆ ಗಾಜಿಲ್ಲ. ಪ್ರತಿಯೊಬ್ಬರ ಪಟವನ್ನೂ ನಮ್ಮ ಬ್ಯಾಚಿನವರು ಕಟ್ಟು ಹಾಕಿಸಿ ಮನೆಗೆ ಮುಟ್ಟಿಸುತ್ತೇವೆ. ಗಂಟೆಯಣ್ಣನ ಮಗಳೂ ಈ ಸಭೆಯಲ್ಲಿ ಕೂತಿದ್ದಾಳೆ. ತಾಯಿಯನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದಾಳೆ. ಮೊದಲ ಪಟ ಅವರದ್ದೇ.

  ನಾಳೆ ಒಂಬತ್ತು ಗಂಟೆಗೆ ಎಲ್ಲರೂ ಬನ್ನಿ.